ಕಬ್ಬಿನ ಗದ್ದೆಯೂ ಕೂಲಿಯವನ ಕಿಡ್ನಿಯೂ

ಕಿಡ್ನಿ ಯಾಕೆ ಕೆಡುತ್ತೆ ಅಂತ ಕೇಳಿದರೆ ಡಾಕ್ಟರರು ಒಂದು ಪಟ್ಟಿ ಒಪ್ಪಿಸುತ್ತಾರೆ: ಸಕ್ಕರೆ ಕಾಯಿಲೆ, ಬಿ.ಪಿ., ಹೆಚ್ಚು ಉಪ್ಪು, ಬೀಡಿ, ಕಂಡಾಪಟ್ಟೆ ನುಂಗುವ ನೋವಿನ ಮಾತ್ರೆ. ಪಟ್ಟಿ ಸುಳ್ಳಲ್ಲ. ಆದರೆ ಕೊನೆಗೆ ಬರುವ ಮಾತು ನೋಡಿ: 'ಜೀವನಶೈಲಿ ಬದಲಾಯಿಸಿಕೊಳ್ಳಿ.' ಗೆಳೆಯರೆ, ಬದುಕುವ ಶೈಲಿಯನ್ನು ಆರಿಸಿಕೊಳ್ಳುವ ಸವಲತ್ತು ಎಷ್ಟು ಜನಕ್ಕಿದೆ? ಕೂಲಿಯವನ ದಿನ ಹೇಗಿರಬೇಕು ಅನ್ನೋದನ್ನು ತೀರ್ಮಾನಿಸುವವನು ಗುತ್ತಿಗೆದಾರ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳ ಚರಿತ್ರೆ ಇದನ್ನೇ ಹೇಳುತ್ತದೆ.

ನಿಕರಾಗುವಾದ ಚಿಚಿಗಾಲ್ಪದಲ್ಲಿ ಸಾನ್ ಆಂತೋನಿಯೊ ಸಕ್ಕರೆ ಕಾರ್ಖಾನೆ ಶುರುವಾದದ್ದು 1890ರಲ್ಲಿ. ಅಲ್ಲಿ ಕಬ್ಬು ಕಡಿಯುವ ಗಂಡಸರು ಮೂವತ್ತು, ನಲವತ್ತರ ವಯಸ್ಸಿಗೇ ಕಿಡ್ನಿ ಕೆಟ್ಟು ಸಾಯತೊಡಗಿದರು. ಗಂಡಂದಿರನ್ನು ಕಳಕೊಂಡ ಹೆಂಗಸರೇ ಉಳಿದ ಒಂದು ಕೇರಿಗೆ 'ವಿಧವೆಯರ ದ್ವೀಪ' ಅಂತ ಹೆಸರು ಬಿತ್ತು. ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ಕಸವನ್ನು ಕಿಡ್ನಿ ಹೊರಹಾಕಬೇಕು. ಹಾಕದಿದ್ದಾಗ ಅದರ ಪ್ರಮಾಣ ಏರುತ್ತದೆ. ಅಲ್ಲಿನ ಜನ ಕಾಯಿಲೆಯನ್ನೇ 'ಕ್ರಿಯಾಟಿನಿನ್' ಅಂತ ಕರೆದರು.

2002ರಲ್ಲಿ ಪಕ್ಕದ ಎಲ್ ಸಾಲ್ವಡಾರ್‌ನ ವೈದ್ಯರು ರಾಜಧಾನಿಯ ರೊಸಾಲೆಸ್ ಆಸ್ಪತ್ರೆಯ ಕಿಡ್ನಿ ರೋಗಿಗಳ ಲೆಕ್ಕ ಪ್ರಕಟಿಸಿದರು. ಹೆಚ್ಚಿನವರಲ್ಲಿ ಸಕ್ಕರೆ ಕಾಯಿಲೆಯಂಥ ಗೊತ್ತಿರುವ ಕಾರಣ ಯಾವುದೂ ಇರಲಿಲ್ಲ. ಅವರಲ್ಲಿ ಬಹುಪಾಲು ಕರಾವಳಿ ಸೀಮೆಯ ಹೊಲದ ಆಳುಗಳು. 2012ರ ಇನ್ನೊಂದು ಅಧ್ಯಯನ ಕಡಲ ಮಟ್ಟದ ಹಳ್ಳಿಯನ್ನೂ 500 ಮೀಟರ್ ಎತ್ತರದ ಹಳ್ಳಿಯನ್ನೂ ಹೋಲಿಸಿತು. ಎರಡೂ ಕಡೆ ಕಬ್ಬೇ. ಕಿಡ್ನಿ ಸೋತದ್ದು ಮಾತ್ರ ಹೆಚ್ಚಾಗಿ ಕೆಳಗಿನ ಸೆಕೆಯಲ್ಲಿ ದುಡಿದವರದು.

ಕೀಟನಾಶಕದ ಬಗ್ಗೆ ಚರ್ಚೆ ಇನ್ನೂ ನಿಂತಿಲ್ಲ. ಆದರೆ ಸುಡುವ ಬಿಸಿಲು ಮತ್ತು ಮೈಮುರಿಯುವ ದುಡಿಮೆಯ ಕಡೆಗೆ ಪುರಾವೆ ಗಟ್ಟಿಯಾಗಿ ಬೊಟ್ಟು ಮಾಡುತ್ತದೆ. ಬೆವರಿಳಿದು ಮೈಯ ನೀರು ಆರುತ್ತದೆ, ಮಾಂಸಖಂಡ ನಲುಗುತ್ತದೆ, ಕಿಡ್ನಿಗೆ ದಿನಾ ಪೆಟ್ಟು ಬೀಳುತ್ತದೆ. 'ನೀರು ಕುಡಿಯಬಾರದಾ' ಅಂತ ಕೇಳಬಹುದು. ಕೂಲಿ ಸಿಗುವುದು ಟನ್ನಿನ ಲೆಕ್ಕದಲ್ಲಿ. ನೆರಳಿಗೆ ನಿಂತ ಹೊತ್ತಿಗೆ ಕಾಸಿಲ್ಲ.

2006ರಲ್ಲಿ ವಿಶ್ವಬ್ಯಾಂಕ್ ಗುಂಪಿನ ಹಣಕಾಸು ಸಂಸ್ಥೆ ಈ ಕಾರ್ಖಾನೆಯ ಒಡೆತನದ ಕಂಪನಿಗೆ 5.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. 2008ರಲ್ಲಿ ರೋಗಪೀಡಿತ ಮಾಜಿ ಕೂಲಿಗಳು ಅದೇ ಸಂಸ್ಥೆಯ ದೂರು ವಿಭಾಗದ ಬಾಗಿಲು ಬಡಿದರು. ಆಮೇಲೆಯೇ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿಗೆ ಬಂದದ್ದು. 2010-11ರ ಒಂದೇ ಹಂಗಾಮಿನಲ್ಲಿ, ಕಾರ್ಖಾನೆಯೊಳಗೆ ದುಡಿಯುವವರಿಗಿಂತ ಕಬ್ಬು ಕಡಿಯುವವರ, ನೀರು ಹಾಯಿಸುವವರ ಕಿಡ್ನಿಯ ಶಕ್ತಿ ಹೆಚ್ಚು ಕುಸಿದಿತ್ತು. ಇತ್ತ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದವನಿಗೆ ಕೆಲಸವೇ ಇಲ್ಲ. ರೋಗ ಕೊಟ್ಟ ಗದ್ದೆಯೇ ಅನ್ನವನ್ನೂ ಕಿತ್ತುಕೊಂಡಿತು.

ಮುಂದೆ ಅದೇ ಗದ್ದೆಗಳಲ್ಲಿ ನೀರು, ನೆರಳು, ವಿರಾಮ ಹೆಚ್ಚಿಸಿದಾಗ ಕಿಡ್ನಿಗೆ ಬೀಳುವ ಪೆಟ್ಟು ಕಡಿಮೆಯಾಯಿತು. ಬದಲಾಗಬೇಕಾದದ್ದು ದುಡಿಸಿಕೊಳ್ಳುವವರ ಶೈಲಿ ಅಂತ ಇದರಿಂದ ತಿಳಿಯಲಿಲ್ಲವೆ?

ರೋಗಿಯನ್ನು ಕಂಡಾಗ 'ನೀನು ಏನು ಕೆಲಸ ಮಾಡ್ತೀಯ' ಅಂತಲೂ ಕೇಳಬೇಕೆಂದು ಇಟಲಿಯ ವೈದ್ಯ ರಾಮಜ್ಜೀನಿ 1700ರಲ್ಲೇ ಬರೆದ. ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯಲ್ಲೂ ಸಕ್ಕರೆ ಕಾಯಿಲೆಯಿಲ್ಲದ ದುಡಿಯುವ ಜನರ ಕಿಡ್ನಿ ಕೆಡುತ್ತಿದೆ. ಅಲ್ಲಿನ ಕಾರಣ ಬೇರೆಯೇ ಇರಬಹುದು. ಕೇಳಬೇಕಾದ ಪ್ರಶ್ನೆ ಮಾತ್ರ ಅದೇ. ನಮ್ಮೂರಿನ ಆಸ್ಪತ್ರೆಯಲ್ಲಿ ಅದನ್ನು ಕೇಳುತ್ತಾರಾ? ಕೇಳದಿದ್ದರೆ ನಾವೇ ಹೇಳಬೇಕು: ಎಷ್ಟು ಹೊತ್ತು ಬಿಸಿಲಲ್ಲಿದ್ದೆವು, ಕುಡಿಯಲು ಯಾವ ನೀರು ಸಿಕ್ಕಿತು, ಕೂತು ದಣಿವಾರಿಸಿಕೊಳ್ಳಲು ಯಾರು ಬಿಡಲಿಲ್ಲ ಅಂತ.