ಟೈಲ್‌ವಿಂಡ್ ಕುರಿತ ಭಿನ್ನಾಭಿಪ್ರಾಯಗಳು: ದೋಹಾದಿಂದ ಒಂದು ನೋಟ

ಜಾಲಪುಟದ ಬಣ್ಣ, ಅಳತೆ, ಅಂತರ ಹಾಗೂ ಅಕ್ಷರಗಳ ರೂಪವನ್ನು ನಿರ್ಧರಿಸುವ ಭಾಷೆಯನ್ನು ಸಿಎಸ್‌ಎಸ್ ಎನ್ನುತ್ತಾರೆ. ನಾರ್ವೆಯ ಹೋಕನ್ ವಿಯುಮ್ ಲೀ 1994ರಲ್ಲಿ ಇದನ್ನು ಪ್ರಸ್ತಾಪಿಸಿದರು. 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ ಅಧಿಕೃತ ಶಿಫಾರಸಾಗಿ ಹೊರಬಂದಿತು. ಪುಟದ ತಿರುಳು ಒಂದೆಡೆ, ತೋರಿಕೆ ಇನ್ನೊಂದೆಡೆ ಇರಬೇಕೆಂಬುದು ಅದರ ಹಿಂದಿನ ತತ್ತ್ವ.

ಪ್ರತಿ ತಾಣಕ್ಕೂ ಶೈಲಿಯನ್ನು ಮೊದಲಿನಿಂದ ಬರೆಯುವ ಶ್ರಮವನ್ನು ತಗ್ಗಿಸಲು ಸಿದ್ಧ ಶೈಲಿಸಂಗ್ರಹಗಳು ಹುಟ್ಟಿಕೊಂಡವು. 2011ರಲ್ಲಿ ಟ್ವಿಟರ್ ಸಂಸ್ಥೆಯಿಂದ ಬಂದ ಬೂಟ್‌ಸ್ಟ್ರ್ಯಾಪ್ ಗುಂಡಿ, ಪಟ್ಟಿ, ಫಲಕಗಳನ್ನು ತಯಾರಾಗಿಯೇ ಕೊಟ್ಟಿತು. 2017ರಲ್ಲಿ ಆಡಮ್ ವಾಥನ್ ಮತ್ತು ಗೆಳೆಯರು ಹೊರತಂದ ಟೈಲ್‌ವಿಂಡ್ ಬೇರೆ ದಾರಿ ಹಿಡಿಯಿತು. ಅದು ಗುಂಡಿಯನ್ನು ಕೊಡುವುದಿಲ್ಲ. ‘ಇಷ್ಟು ಅಂತರ’, ‘ಈ ಬಣ್ಣ’, ‘ಇಷ್ಟು ದಪ್ಪ’ ಎಂಬ ಒಂದೊಂದೇ ಕೆಲಸದ ಪುಟ್ಟ ಹೆಸರುಗಳನ್ನು ಕೊಡುತ್ತದೆ. ಅವನ್ನು ತಿರುಳಿನ ಮಗ್ಗುಲಲ್ಲಿಯೇ ಸಾಲಾಗಿ ಬರೆಯಬೇಕು. ಅದರ ನಾಲ್ಕನೆಯ ಆವೃತ್ತಿ 2025ರ ಜನವರಿಯಲ್ಲಿ ಪ್ರಕಟವಾಯಿತು.

ಈ ಪದ್ಧತಿಯ ಬಗ್ಗೆ ಡೆವಲಪರ್‌ಗಳಲ್ಲಿ ಎರಡು ಪಂಗಡಗಳಿವೆ. ಒಪ್ಪದವರ ಪ್ರಕಾರ ತಿರುಳು ಮತ್ತು ತೋರಿಕೆ ಮತ್ತೆ ಕಲಸಿಹೋಗುತ್ತವೆ, ಒಂದು ಗುಂಡಿಗೆ ಇಪ್ಪತ್ತು ಹೆಸರು ಅಂಟಿಕೊಂಡು ಓದಲು ಕಷ್ಟವಾಗುತ್ತದೆ, ಹೊಸಬರು ಮೂಲ ಸಿಎಸ್‌ಎಸ್ ಕಲಿಯುವುದೇ ಇಲ್ಲ. ಒಪ್ಪುವವರು ಹೇಳುವುದು ಇಷ್ಟು: ಹೆಸರಿಡುವ ತಲೆನೋವು ತಪ್ಪುತ್ತದೆ, ಒಂದು ಪುಟದಲ್ಲಿ ಮಾಡಿದ ಬದಲಾವಣೆ ಇನ್ನೊಂದನ್ನು ಕೆಡಿಸುವುದಿಲ್ಲ, ಬಳಸಿದ ಹೆಸರುಗಳಿಗೆ ಮಾತ್ರ ಶೈಲಿ ಉತ್ಪತ್ತಿಯಾಗುವುದರಿಂದ ಕಡತ ಚಿಕ್ಕದಾಗಿರುತ್ತದೆ. ದೋಹಾದ ತಂಡಗಳಲ್ಲಿ ಮಂಗಳೂರು, ಕೊಚ್ಚಿ, ಕೈರೋ, ಮನಿಲಾಗಳಿಂದ ಬಂದವರು ಜೊತೆಗೂಡಿ ದುಡಿಯುತ್ತಾರೆ. ಗುತ್ತಿಗೆ ಮುಗಿದೊಡನೆ ಕೆಲಸ ಕೈ ಬದಲಾಗುತ್ತದೆ. ಎಲ್ಲರಿಗೂ ತಿಳಿದ ಒಂದೇ ಹೆಸರುಪಟ್ಟಿ ಇಂಥಲ್ಲಿ ನಿಜಕ್ಕೂ ಅನುಕೂಲ ಎಂಬುದನ್ನು ನಾನು ಕಂಡಿದ್ದೇನೆ.

ಆದರೆ ಈ ವಾದದಲ್ಲಿ ಎರಡೂ ಕಡೆಯವರು ಬಹುಮಟ್ಟಿಗೆ ಇಂಗ್ಲಿಷ್ ಪುಟವನ್ನೇ ಕಣ್ಣ ಮುಂದಿಟ್ಟುಕೊಂಡಿರುತ್ತಾರೆ. ಕತಾರಿನಲ್ಲಿ ಅದು ಸಾಲದು. ಅರಬ್ಬೀ ಭಾಷೆಯ ರಕ್ಷಣೆಗಾಗಿ ಇಲ್ಲಿ 2019ರ 7ನೆಯ ಸಂಖ್ಯೆಯ ಕಾನೂನು ಇದೆ. ಸಾರ್ವಜನಿಕರಿಗಾಗಿ ನಾವು ಕಟ್ಟುವ ತಾಣಗಳು ಸಾಮಾನ್ಯವಾಗಿ ಅರಬ್ಬೀ, ಇಂಗ್ಲಿಷ್ ಎರಡರಲ್ಲೂ ಇರಬೇಕಾಗುತ್ತದೆ. ಅರಬ್ಬೀ ಬಲದಿಂದ ಎಡಕ್ಕೆ ಸಾಗುವ ಲಿಪಿ. ‘ಎಡಗಡೆ ಅಂತರ’ ಎಂದು ಬರೆದದ್ದು ಅಲ್ಲಿ ತಪ್ಪು ಪಕ್ಕದಲ್ಲಿ ಬೀಳುತ್ತದೆ. ‘ಸಾಲು ಆರಂಭವಾಗುವ ಕಡೆ ಅಂತರ’ ಎಂದು ಬರೆದರೆ ಲಿಪಿಯ ದಿಕ್ಕಿಗೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತದೆ. ಸಿಎಸ್‌ಎಸ್‌ನಲ್ಲಿ ಇಂಥ ಗುಣಗಳಿಗೆ ತಾರ್ಕಿಕ ಗುಣಗಳೆಂದು ಹೆಸರು.

ಬೂಟ್‌ಸ್ಟ್ರ್ಯಾಪ್ 2021ರ ಐದನೆಯ ಆವೃತ್ತಿಯಲ್ಲಿ ಬಲದಿಂದ ಎಡಕ್ಕೆ ಓದುವ ಲಿಪಿಗಳಿಗಾಗಿ ಪ್ರತ್ಯೇಕ ಶೈಲಿಕಡತವನ್ನು ಒದಗಿಸಿತು. ಟೈಲ್‌ವಿಂಡ್‌ನಲ್ಲಿ ‘ಎಂಎಸ್’, ‘ಎಂಇ’ ಎಂಬ ಆರಂಭ-ಅಂತ್ಯದ ಹೆಸರುಗಳು ಬಂದದ್ದು 2023ರ 3.3ನೆಯ ಆವೃತ್ತಿಯಲ್ಲಿ. ನಾಲ್ಕನೆಯದರಲ್ಲಿ ಅಕ್ಕಪಕ್ಕದ ಅಂಶಗಳ ನಡುವಣ ಅಂತರವೂ ತಾರ್ಕಿಕ ಗುಣಗಳನ್ನೇ ಅವಲಂಬಿಸಿದೆ. ಆದರೂ ‘ಎಂಎಲ್’ ಎಂದು ಬರೆದರೆ ಅದು ಎಡವೇ. ಸಂಗ್ರಹ ದಾರಿ ತೆರೆದಿದೆ. ಆ ದಾರಿಯಲ್ಲಿ ನಡೆಯುವ ಶಿಸ್ತು ತಂಡಕ್ಕೆ ಸೇರಿದ್ದು. ಇನ್ನೊಂದು ಮಾತು: ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಹೆಸರುಗಳು ಇಂಗ್ಲಿಷಿಗೆ ಒಪ್ಪುತ್ತವೆ, ಆದರೆ ಕೂಡಿಕೊಂಡೇ ಬರೆಯುವ ಅರಬ್ಬೀ ಅಕ್ಷರಗಳನ್ನು ಕತ್ತರಿಸುತ್ತವೆ.

ಕನ್ನಡಕ್ಕೂ ಇದರಲ್ಲಿ ಪಾಠವಿದೆ. ನಮ್ಮ ಲಿಪಿಯ ದಿಕ್ಕು ಎಡದಿಂದ ಬಲಕ್ಕೇ ಆದರೂ ಅದು ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ಟೈಲ್‌ವಿಂಡ್‌ನ ದೊಡ್ಡ ಶೀರ್ಷಿಕೆ ಗಾತ್ರಗಳಲ್ಲಿ, ಅಂದರೆ 48 ಪಿಕ್ಸೆಲ್ ಮತ್ತು ಅದಕ್ಕೂ ಮೇಲ್ಪಟ್ಟವುಗಳಲ್ಲಿ, ಸಾಲಿನ ಎತ್ತರ ಅಕ್ಷರಗಾತ್ರದಷ್ಟೇ ಇರುವಂತೆ ಮೊದಲೇ ನಿಗದಿಯಾಗಿದೆ. ಇಂಗ್ಲಿಷಿಗೆ ಇದು ಅಂದ. ಕನ್ನಡದಲ್ಲಿ ಮೇಲಿನ ಸಾಲಿನ ‘ಶಾಸ್ತ್ರ’ದ ಒತ್ತುಗಳು ಕೆಳಸಾಲಿನ ‘ಕೀರ್ತಿ’ಯ ಗುಡಿಸಿಗೆ ತಗಲುತ್ತವೆ. ಉದ್ದದ ಸಾಲನ್ನು ಮೊಟಕುಗೊಳಿಸುವ ಹೆಸರನ್ನೂ ಸೇರಿಸಿದರೆ ಚೌಕಟ್ಟಿನಿಂದ ಹೊರಚಾಚಿದ ಒತ್ತು ಮಾಯವಾಗಬಹುದು. ಒತ್ತು ಹೋದರೆ ಪದವೇ ಬೇರೆ. ‘ಅಕ್ಕ’ ಎಂಬಲ್ಲಿ ಒತ್ತು ಕಾಣದಿದ್ದರೆ ಉಳಿಯುವುದು ‘ಅಕ’. ಪರದೇಶದಲ್ಲಿ ಪರದೆಯ ಮೇಲೆಯೇ ಕನ್ನಡ ಕಲಿಯುವ ಮಗುವಿಗೆ ಅದು ತಪ್ಪೆಂದು ತಿಳಿಯುವ ಬಗೆಯಿಲ್ಲ.

ನಾಲ್ಕನೆಯ ಆವೃತ್ತಿಯ ಬಗ್ಗೆ ಇನ್ನೊಂದು ಆಕ್ಷೇಪಣೆಯೂ ನ್ಯಾಯವಾದದ್ದು. ಅದು ಸಫಾರಿ 16.4, ಕ್ರೋಮ್ 111, ಫೈರ್‌ಫಾಕ್ಸ್ 128 ಅಥವಾ ಅವಕ್ಕಿಂತ ಹೊಸ ಬ್ರೌಸರ್‌ಗಳನ್ನು ಬಯಸುತ್ತದೆ. ಹಳೆಯ ಫೋನಿನಲ್ಲೇ ಅರ್ಜಿ ತುಂಬುವ ಕಾರ್ಮಿಕರು ಬಳಸುವ ತಾಣವಾದರೆ ಮೂರನೆಯದರಲ್ಲಿಯೇ ಮುಂದುವರಿಯುವುದು ವಿವೇಕ. ಹಳೆಯ ಬ್ರೌಸರ್‌ಗಳಿಗಾಗಿ ಟೈಲ್‌ವಿಂಡ್ ತಂಡದವರೂ ಅದನ್ನೇ ಸೂಚಿಸಿದ್ದಾರೆ.

ಹೀಗಾಗಿ ಹೊಸ ಶೈಲಿಸಂಗ್ರಹ ಯಾವುದೇ ಬರಲಿ, ಅಭಿಪ್ರಾಯ ಹೇಳುವ ಮುನ್ನ ನಾನು ಮೂರು ಪರೀಕ್ಷೆ ಮಾಡುತ್ತೇನೆ. ಪುಟದ ದಿಕ್ಕನ್ನು ಬಲದಿಂದ ಎಡಕ್ಕೆ ತಿರುಗಿಸಿ ನೋಡುವುದು. ಒತ್ತಕ್ಷರ ತುಂಬಿದ ಕನ್ನಡ ಶೀರ್ಷಿಕೆಯನ್ನು ಎರಡು ಸಾಲಾಗಿ ಮುರಿದು ನೋಡುವುದು. ಓದುಗರ ಕೈಯಲ್ಲಿರುವ ಅತಿ ಹಳೆಯ ಫೋನಿನಲ್ಲಿ ತೆರೆದು ನೋಡುವುದು. ಟೈಲ್‌ವಿಂಡ್‌ನಲ್ಲಿ ಮೊದಲನೆಯದು ಶಿಸ್ತಿನಿಂದ, ಎರಡನೆಯದು ಸಾಲಿನ ಎತ್ತರವನ್ನು 1.5ರ ಆಸುಪಾಸಿಗೆ ಏರಿಸಿದಾಗ, ಮೂರನೆಯದು ಆವೃತ್ತಿಯ ಆಯ್ಕೆಯಿಂದ ಸರಿಹೋಗುತ್ತದೆ. ಸಂಘದ ಪತ್ರಿಕೆಗೋ ಮಕ್ಕಳ ಕನ್ನಡ ತರಗತಿಗೋ ತಾಣ ಕಟ್ಟಲು ಹೊರಟವರು ಕಟ್ಟುವವರಿಂದ ಈ ಮೂರನ್ನೂ ಕೇಳಿ ಪಡೆಯಬಹುದು.