ಪ್ಯಾರೀಸ್ ಕಾರ್ನರಿನಿಂದ ಚೆಪಾಕಿಗೆ: ವಿದ್ವತ್ಪತ್ರಿಕೆಗಳ ಶೋಧ ಮತ್ತು ಪರೀಕ್ಷೆ

ಪ್ಯಾರೀಸ್ ಕಾರ್ನರ್ ಎಂದೊಡನೆ ಮದರಾಸನ್ನು ಬಲ್ಲವರಿಗೆ ವ್ಯಾಪಾರದ ಗದ್ದಲ ನೆನಪಾಗುತ್ತದೆ. ಅಲ್ಲಿಯೇ ಸಮೀಪದಲ್ಲಿ, ಹೈಕೋರ್ಟಿನ ಎದುರಿಗೆ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜು 1937ರಲ್ಲಿ ತಾಂಬರಂಗೆ ತೆರಳುವವರೆಗೆ ಇದ್ದಿತು. ಎಸ್. ಆರ್. ರಂಗನಾಥನ್ ಅವರು ಗಣಿತವನ್ನು ಅಭ್ಯಸಿಸಿದುದು ಆ ಕಾಲೇಜಿನಲ್ಲಿ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನ ಅಧ್ಯಾಪಕರಾಗಿ ಕನ್ನಡ ಸೀಮೆಗೂ ಬಂದಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು.

ಅವರ ಕೋಲನ್ ವರ್ಗೀಕರಣ ಪದ್ಧತಿಯನ್ನು ಎಲ್ಲರೂ ಕೊಂಡಾಡುತ್ತಾರೆ. ಸಂಶೋಧಕರಾದ ನಮಗೆ 1934ರ ಅವರ ಸೂಚೀಕರಣ ಸಂಹಿತೆಯೇ ಹೆಚ್ಚು ಉಪಕಾರಿ. ಹೆಸರು ಬದಲಿಸಿದ, ನಡುವೆ ನಿಂತುಹೋದ, ಮತ್ತೊಂದರಲ್ಲಿ ಸೇರಿಹೋದ ಪತ್ರಿಕೆಗಳನ್ನು ನಮೂದಿಸುವ ಬಗೆ ಅಲ್ಲಿ ವಿವರವಾಗಿ ನಿರೂಪಿತವಾಗಿದೆ. ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಬಲ್ಲವರಿಗೆ ಇದರ ಅಗತ್ಯವನ್ನು ಹೇಳಬೇಕಾಗಿಲ್ಲ.

ಪತ್ರಿಕೆಯ ಹೆಸರನ್ನೇ ನಂಬಿ ಹುಡುಕುವವರಿಗೆ ಕನ್ನಡದ ಸಾಮಗ್ರಿ ಸಿಕ್ಕುವುದು ಕಷ್ಟ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಫ್ಲೀಟ್ ಅವರು 1881ರಲ್ಲಿ ಪ್ರಕಟಿಸಿದ್ದು ಮುಂಬಯಿಯ 'ಇಂಡಿಯನ್ ಆಂಟಿಕ್ವರಿ'ಯಲ್ಲಿ. ಮದರಾಸು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿ ಆರಂಭಿಸಿದ 'ಆನಲ್ಸ್ ಆಫ್ ಓರಿಯಂಟಲ್ ರಿಸರ್ಚ್' ತಮಿಳು, ತೆಲುಗು ಮೊದಲಾದವುಗಳೊಡನೆ ಕನ್ನಡದ ಬರಹಗಳಿಗೂ ಎಡೆಗೊಟ್ಟಿತು. ಎರಡರ ಹೆಸರಿನಲ್ಲೂ ಕನ್ನಡದ ಸುಳಿವಿಲ್ಲ. ಆದ್ದರಿಂದ ಗ್ರಂಥಾಲಯದ ಸೂಚಿಯಲ್ಲಿ ಪತ್ರಿಕೆಯನ್ನು ಗುರುತಿಸಿದ ಮೇಲೂ ಸಂಪುಟ ಸಂಪುಟದ ವಿಷಯಾನುಕ್ರಮಣಿಕೆಯನ್ನು ತಿರುವಿ ನೋಡುವ ಶ್ರಮ ತಪ್ಪದು.

ದೊರೆತುದರ ಯೋಗ್ಯತೆಯನ್ನು ನಿರ್ಣಯಿಸುವುದು ಇನ್ನೂ ತೊಡಕಿನ ಕೆಲಸ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2019ರಲ್ಲಿ ಜಾರಿಗೆ ತಂದ 'ಕೇರ್' ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದೆ. ಪತ್ರಿಕೆಗಳ ಗುಣವನ್ನು ಅಳೆಯುವ ಹೊಣೆ ಈಗ ಆಯಾ ಸಂಸ್ಥೆಗಳದು. ಹೊರನಾಡಿನ ಸಂಶೋಧಕರಿಗೆ ಇದರಲ್ಲಿ ಒಂದು ಆತಂಕವಿದೆ. ಪರಿಶೀಲನಾ ಸಮಿತಿಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲದಿರುವಾಗ 'ಪ್ರಬುದ್ಧ ಕರ್ನಾಟಕ'ದ ಘನತೆಯನ್ನು ಯಾವ ಅಂಕಿಯಿಂದ ಮನಗಾಣಿಸುವುದು? 1919ರಲ್ಲಿ ಹುಟ್ಟಿದ ಪತ್ರಿಕೆಯದು. ಅಷ್ಟೇಕೆ, 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನವು ವಿದ್ವಾಂಸರ ಕೈಸೇರಿದ್ದು ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಯ ಮೂಲಕ. ವರದಿಗಳಿಗೆ ಪತ್ರಿಕೆಗಳ ಪಟ್ಟಿಯಲ್ಲಿ ಸ್ಥಾನವೆಲ್ಲಿಯದು?

ನಾವು ನೆಚ್ಚುವ ಪರೀಕ್ಷೆ ಬೇರೆ. ಒಂದು ಸಂಚಿಕೆಯಲ್ಲಿ ಮಂಡಿತವಾದ ಪಾಠಕ್ಕೆ ಮುಂದಿನ ಸಂಚಿಕೆಗಳಲ್ಲಿ ತಿದ್ದುಪಡಿ, ಆಕ್ಷೇಪ, ಸಮಾಧಾನಗಳು ಬಂದಿವೆಯೇ? ಸಂಪಾದಕ ಮಂಡಲಿಯವರು ಆ ವಿಷಯದಲ್ಲಿ ಸ್ವತಃ ದುಡಿದವರೇ? ಬಿಡಿ ಲೇಖನದ ನೆರಳಚ್ಚಿನಲ್ಲಿ ಇವು ಕಾಣವು. ಅಂಥ ಪ್ರತಿಯನ್ನು ತರಿಸಿಕೊಳ್ಳುವವರು ಆ ಸಂಪುಟದ ಮುಖಪುಟ, ವಿಷಯಸೂಚಿ, ತಪ್ಪೊಪ್ಪೋಲೆಗಳನ್ನೂ ಜೊತೆಗೆ ಕೇಳಿ ಪಡೆಯತಕ್ಕದ್ದು.