ಪೆಟ್ಟಿಗೆಯೊಳಗಿನ ಬಟ್ಟಲು

ಜಪಾನಿನಲ್ಲಿ ಚಹಾ ಬಟ್ಟಲಿಗೆ ಚವಾನ್ ಎಂದು ಹೆಸರು. ಅದನ್ನು ಒಡವೆಯಂತೆ ಕೂಡಿಡುವ ರೂಢಿ 15ನೇ ಶತಮಾನದ ಕ್ಯೋಟೋದಲ್ಲಿ, ಸೇನಾಧಿಪತಿಯಾಗಿ ಆಳುತ್ತಿದ್ದ ಷೋಗುನ್ ಆಶಿಕಾಗ ಯೋಷಿಮಾಸನ ಕಾಲಕ್ಕಾಗಲೇ ಬೇರುಬಿಟ್ಟಿತ್ತು. ಆಗ ಬೆಲೆಯಿದ್ದದ್ದು ಚೀನಾದ ಸರಕಿಗೆ. ಯೋಷಿಮಾಸ ತನ್ನ ತಿಳಿಹಸಿರು ಬಟ್ಟಲು ಬಿರುಕುಬಿಟ್ಟಾಗ ಅಂಥದ್ದೇ ಇನ್ನೊಂದು ಬೇಕೆಂದು ಅದನ್ನು ಚೀನಾಕ್ಕೆ ಕಳಿಸಿದನಂತೆ. ಅಷ್ಟು ಚೆನ್ನಾಗಿ ಮಾಡುವವರು ಈಗಿಲ್ಲವೆಂದು ಅಲ್ಲಿನವರು ಬಿರುಕಿಗೆ ಲೋಹದ ಕೊಕ್ಕೆ ಹೊಡೆದು ಹಿಂದಕ್ಕೆ ಕಳಿಸಿದರಂತೆ. ಈ ಕಥೆಯನ್ನು ಬರೆದಿಟ್ಟದ್ದು 1727ರಲ್ಲಿ, ಅಂದರೆ ಎರಡು ಶತಮಾನ ಕಳೆದ ಮೇಲೆ. ಬಟ್ಟಲು ಮಾತ್ರ ಕೊಕ್ಕೆಗಳ ಸಮೇತ ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಅಭಿರುಚಿ ಬದಲಾದದ್ದು 16ನೇ ಶತಮಾನದಲ್ಲಿ. ಚಹಾ ಗುರು ಸೆನ್ ನೊ ರಿಕ್ಯೂ (1522–1591) ನುಣುಪಿಗಿಂತ ಒರಟನ್ನು ಮೆಚ್ಚಿದರು. ಅವರ ಮನಸ್ಸಿಗೆ ಒಪ್ಪುವಂತೆ ಚೋಜಿರೋ ಎಂಬ ಕುಶಲಕರ್ಮಿ ತಿಗರಿಯನ್ನು ಬಿಟ್ಟು ಬರಿಗೈಯಲ್ಲೇ ತಿದ್ದಿ ಮಾಡಿದ ಕಪ್ಪು, ಕೆಂಪು ಬಟ್ಟಲುಗಳೇ ರಾಕು. ಕೊರಿಯಾದ ಸಾದಾ ಬಟ್ಟಲುಗಳಿಗೂ ಬೇಡಿಕೆ ಏರಿತು. 1592ರಿಂದ 1598ರವರೆಗೆ ಅಲ್ಲಿ ಯುದ್ಧ ಮಾಡಿದ ಜಪಾನೀ ಸಾಮಂತರು ಕುಂಬಾರರನ್ನೇ ಹಿಡಿದು ತಂದರು. ಜಪಾನಿನ ಹಾಗಿ ಮತ್ತು ಸತ್ಸುಮಾದ ಆವಿಗೆಗಳ ಹಿಂದೆ ಈ ಬಲವಂತದ ವಲಸೆಯಿದೆ.

ಕೊರಿಯಾದಿಂದ ಬಂದವುಗಳಲ್ಲಿ ಹೆಸರಾದದ್ದು ಕಿಜಾಎಮಾನ್ ಇದೊ ಎಂಬ ಬಟ್ಟಲು. ಹೊಂಬಣ್ಣಕ್ಕೆ ತಿರುಗಿದ ಮೆರುಗು, ಮೈತುಂಬ ಕೂದಲೆಳೆಯ ಬಿರುಕು, ಪಾದದ ಬಳಿ ಒಡೆದ ಹಾಲಿನಂತೆ ಗಡ್ಡೆಗಟ್ಟಿದ ಗುಳ್ಳೆಗಳು. ಮಾಡಿದವನ ಹೆಸರು ಯಾರಿಗೂ ಬೇಕಿರಲಿಲ್ಲ. ಕಿಜಾಎಮಾನ್ ಎಂಬುದು ಅದನ್ನು ಇಟ್ಟುಕೊಂಡಿದ್ದ ವ್ಯಾಪಾರಿಯ ಹೆಸರು. ಮತ್ಸುಎಯ ಸಾಮಂತ ಮತ್ಸುದೈರ ಫುಮೈ (1751–1818) ಇದಕ್ಕೆ 550 ರ್ಯೋ ಚಿನ್ನದ ನಾಣ್ಯ ತೆತ್ತ. ಇಟ್ಟುಕೊಂಡವರಿಗೆ ಮೈಮೇಲೆ ಕುರು ಏಳುತ್ತದೆಂಬ ನಂಬಿಕೆ ಹರಡಿತ್ತು. ಕೊನೆಗೆ ಆ ಮನೆತನ ಕ್ಯೋಟೋದ ದೈತೊಕುಜಿ ದೇಗುಲದ ಆವರಣದ ಕೊಹೊ-ಆನ್ ಮಠಕ್ಕೆ ಅದನ್ನು ಒಪ್ಪಿಸಿತು. ಕರಕುಶಲ ಚಿಂತಕ ಯಾನಗಿ ಸೊಎತ್ಸು 1931ರಲ್ಲಿ ನೋಡಲು ಹೋದಾಗ ಅದು ಒಂದರೊಳಗೊಂದು ಐದು ಪೆಟ್ಟಿಗೆಗಳಲ್ಲಿತ್ತು.

ಪೆಟ್ಟಿಗೆ ಬರೀ ಕಟ್ಟಿಡುವ ಸಾಧನವಲ್ಲ. ಹಗುರವಾದ ಕಿರಿ ಮರದ ಮುಚ್ಚಳದ ಮೇಲೆ ಶಾಯಿಯಲ್ಲಿ ಬಟ್ಟಲಿನ ಹೆಸರು, ಕುಂಬಾರನ ಇಲ್ಲವೇ ಅದನ್ನು ಪರೀಕ್ಷಿಸಿದ ಚಹಾ ಗುರುವಿನ ರುಜು ಇರುತ್ತದೆ. ಹಳೆಯದನ್ನು ಎಸೆಯದೆ ಅದರ ಸುತ್ತ ಹೊಸದನ್ನು ಮಾಡಿಸುವುದು ವಾಡಿಕೆ. ಜಮೀನಿನ ಪತ್ರದಂತೆ, ಕೈಯಿಂದ ಕೈಗೆ ದಾಟಿದ ದಾರಿ ಅದರಲ್ಲಿ ಉಳಿಯುತ್ತದೆ.

ಷೋಗುನ್ ಆಳ್ವಿಕೆ ಕೊನೆಗೊಂಡ 1868ರ ಮೇಜಿ ಬದಲಾವಣೆಯಿಂದ ಸಾಮಂತರ ಆದಾಯ ಕುಸಿದು, ಅವರ ಸಂಗ್ರಹಗಳು ಮಾರಾಟಕ್ಕೆ ಬಂದವು. ಮಿತ್ಸುಯಿ ಸಂಸ್ಥೆಯ ಮಸುದ ತಕಾಷಿಯಂಥ ಉದ್ಯಮಿಗಳು ಕೊಂಡರು. 1877ರಲ್ಲಿ ಜಪಾನಿಗೆ ಬಂದ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್, ಜೀವಿಗಳನ್ನು ವರ್ಗೀಕರಿಸುವ ಶಿಸ್ತಿನಲ್ಲೇ ಪ್ರಾಂತ್ಯವಾರು ಸುಮಾರು 5000 ಮಣ್ಣಿನ ವಸ್ತುಗಳನ್ನು ಕೂಡಿಹಾಕಿದರು. 1892ರಲ್ಲಿ ಅವು ಬಾಸ್ಟನ್ ವಸ್ತುಸಂಗ್ರಹಾಲಯದ ಪಾಲಾದವು. ಚೂರುಗಳಿಗೂ ಬೆಲೆ ಬಂದದ್ದು 1930ರಲ್ಲಿ: ಬಿದಿರ ಮೊಳಕೆಯ ಚಿತ್ರವಿದ್ದ ಷಿನೊ ಶೈಲಿಯ ಚೂರೊಂದು ಮಿನೊ ಪ್ರಾಂತ್ಯದ ಹಳೆಯ ಆವಿಗೆಯಲ್ಲಿ ಕುಂಬಾರ ಅರಾಕಾವ ತೊಯೊಜೊಗೆ ಸಿಕ್ಕಿತು. ಸೆತೊ ಊರಿನವೆಂದು ನಂಬಿದ್ದ ಷಿನೊ ಬಟ್ಟಲುಗಳು ಮಿನೊದಲ್ಲಿ ಬೆಂದವೆಂದು ಅದರಿಂದ ತಿಳಿಯಿತು.

ಚಹಾ ಬಟ್ಟಲಿಗೆ ಹೋಲಿಸಿದರೆ, ಸಾಕೆ ಮದ್ಯ ಕುಡಿಯುವ ಗುಯಿನೊಮಿ ಬಟ್ಟಲಿನ ಕಥೆ ಚಿಕ್ಕದು. ಊಟದ ಪುಟ್ಟ ಬೋಗುಣಿಗಳನ್ನೇ ರಸಿಕರು ಕುಡಿಯಲು ಎತ್ತಿಕೊಂಡದ್ದುಂಟು. ಒಬ್ಬ ಕುಂಬಾರನ ಚವಾನ್ ಕೊಳ್ಳಲಾಗದವರೂ ಅವನದೇ ಗುಯಿನೊಮಿಯಿಂದ ಸಂಗ್ರಹ ಆರಂಭಿಸಬಹುದು. ಅದಕ್ಕೂ ರುಜು ಹಾಕಿದ ಪುಟ್ಟ ಪೆಟ್ಟಿಗೆಯಿರುತ್ತದೆ; ಪೆಟ್ಟಿಗೆ ಕಳೆದರೆ ಬೆಲೆಯೂ ಇಳಿಯುತ್ತದೆ.